ಗ್ರಾಮಫೋನಿಗೆ ಕೀಲೆಣ್ಣೆ

ನನ್ನ ಹೆಂಡತಿಯ ಕಂಠವನ್ನು ನಾನು ಮೊದಲು ಕೇಳಿದ್ದು ದೊಡ್ಡಬಳ್ಳಾಪುರದ ಪಕ್ಕದ ಹಳ್ಳಿಯಲ್ಲಿ, ಮಾವನವರ ಹಜಾರದಲ್ಲಿ, ಒಂದು ಗುರುವಾರ ಬೆಳಿಗ್ಗೆ. ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದೆ. ನಮ್ಮ ವಂಶದಲ್ಲಿ ನೇಗಿಲು ಬಿಟ್ಟು ಪುಸ್ತಕ ಹಿಡಿದ ಮೊದಲನೆಯವನು. ಹೆಣ್ಣು ನೋಡಲು ಹೋದರೆ ಒಂದು ಹಾಡು ಹೇಳಿಸಬೇಕು, ಅದೇ ಈಗಿನ ಪದ್ಧತಿ ಎಂದು ಹಾಸ್ಟೆಲಿನ ಗೆಳೆಯರು ಕಲಿಸಿ ಕಳಿಸಿದ್ದರು. ಕಂಬಳಿಯ ಮೇಲೆ ಕುಳಿತು, ಹುರಿಗಡಲೆ ಬೆಲ್ಲ ತಿನ್ನುತ್ತ, ಹಾಗೆಯೇ ಕೇಳಿದೆ. ಮಾವ ಮುನಿರಾಮಯ್ಯನವರು ಕೆಮ್ಮಿದರು.

"ಹುಡ್ಗಿಗೆ ನಾಚ್ಕೆ ಜಾಸ್ತಿ. ಒಳಗಿಂದ್ಲೇ ಹಾಡ್ತಾಳೆ."

ಸ್ವಲ್ಪ ಹೊತ್ತಿಗೆ ಕೋಣೆಯಿಂದ ಕೃಷ್ಣನನ್ನು ಕರೆಯುವ ಹಾಡು ತೇಲಿ ಬಂತು. ಜೊತೆಗೆ ಪಿಟೀಲು, ಮೃದಂಗ. ರಾಗಿ ಬೆಳೆಯುವ ಮನೆಯಲ್ಲಿ ಪಕ್ಕವಾದ್ಯದವರನ್ನೂ ಇಟ್ಟುಕೊಂಡಿದ್ದಾರಲ್ಲ, ಎಂಥ ರಸಿಕರು ಎಂದು ತಲೆದೂಗಿ, ಬಾಯಲ್ಲಿದ್ದ ಬೆಲ್ಲ ಕರಗುವ ಮೊದಲೇ ಒಪ್ಪಿಬಿಟ್ಟೆ.

ಮದುವೆಯಾದ ಮೇಲೆ ಅಂಜಿನಮ್ಮ ತವರಿನ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿ ತೋರಿಸಿದಳು. ಮೇಲೆ ಹಿತ್ತಾಳೆಯ ಕಹಳೆ, ಪಕ್ಕದಲ್ಲಿ ಕೀಲಿ ಕೊಡುವ ಹಿಡಿ. ಜೊತೆಗೆ ಒಂದೇ ಒಂದು ಹಾಡಿನ ಪ್ಲೇಟು.

"ಇದೇ ನೋಡಿ, ನನ್ ಗಂಟ್ಲು" ಎಂದಳು.

ನಾನು ನಕ್ಕೆ. ಬೇರೆ ದಾರಿ ಇರಲಿಲ್ಲ.

ವರ್ಷಗಳು ಕಳೆದವು. ನಾನು ದೊಡ್ಡಬಳ್ಳಾಪುರದಲ್ಲಿ ವಿಜ್ಞಾನದ ಮೇಷ್ಟರಾದೆ. ಈಗ ನಾದಿನಿ ಮುನಿಲಕ್ಷ್ಮಮ್ಮನ ಸರದಿ. ಶಿವಗಂಗೆ ಕಡೆಯಿಂದ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಗಂಗಣ್ಣನನ್ನು ಇವಳು ದನದ ಸಂತೆಯಲ್ಲಿ ದೂರದಿಂದ ನೋಡಿ, ಮಾಡಿಕೊಂಡರೆ ಅವನನ್ನೇ ಎಂದು ಅಕ್ಕನ ಹತ್ತಿರ ಹೇಳಿದ್ದಳು. ಆದರೆ ಹುಡುಗನ ಕಡೆಯವರು "ಹಾಡು ಬಂದ್ರೆ ಚೆಂದ" ಎಂದು ಹೇಳಿ ಕಳಿಸಿದ್ದರು. ಮುನಿಲಕ್ಷ್ಮಮ್ಮ ಹಾಡಿದರೆ ಕರೆಯುವ ಎಮ್ಮೆಯೂ ಹಾಲು ಮೇಲಕ್ಕೆಳೆದುಕೊಳ್ಳುತ್ತಿತ್ತು. ಪೆಟ್ಟಿಗೆಯೇ ಗತಿ. ಇಳಿಸಿ ನೋಡಿದರೆ ಅದು ತುಕ್ಕು ಹಿಡಿದು ಅಲುಗಾಡದೆ ಕುಳಿತಿದೆ.

"ಬೆಂಗ್ಳೂರಿಗೆ ಕಳಿಸಿ ರಿಪೇರಿ ಮಾಡಿಸೋಣ" ಎಂದರು ಮಾವ.

ನನ್ನ ಪದವಿಗೆ ಅವಮಾನವಾಯಿತು. "ಭೌತಶಾಸ್ತ್ರ ಅರೆದು ಕುಡಿದ ಅಳಿಯ ಮನೆಯಲ್ಲಿರುವಾಗ ಬೆಂಗಳೂರೇ? ಈ ಭಾನುವಾರ ಸಂಜೆಯೊಳಗೆ ಇದು ಹಾಡದಿದ್ದರೆ ನಾನು ಪದವೀಧರನೇ ಅಲ್ಲ" ಎಂದು ಘೋಷಿಸಿದೆ.

"ಹೋದ್ಸಲ ಗೋಡೆ ಗಡಿಯಾರಕ್ಕೂ ಹಿಂಗೇ ಅಂದಿದ್ರಿ" ಎಂದಳು ಅಂಜಿನಮ್ಮ. "ಅವತ್ತಿಂದ ಅದು ಗಂಟೇನೇ ಹೊಡೀತಿಲ್ಲ."

"ಗಡಿಯಾರ ಬೇರೆ, ಗ್ರಾಮಫೋನು ಬೇರೆ."

"ಬಿಚ್ಚೋರು ಮಾತ್ರ ಒಬ್ರೇ ಅಲ್ವಾ?"

ಕೇಳಿಸದವನಂತೆ ಪೆಟ್ಟಿಗೆ ಬಿಚ್ಚಿದೆ. ಸುರುಳಿ ಸ್ಪ್ರಿಂಗು ಹೆಬ್ಬಾವಿನ ಹಾಗೆ ಹೊರಗೆ ನೆಗೆದು ಮಾವನವರ ಪೇಟ ಹಾರಿಸಿತು. ಹಿಡಿದು ಒಳಗೆ ತುರುಕಿದೆ. ಅದಕ್ಕೆ ಗ್ರೀಸು ಬೇಕು. ಯುದ್ಧದ ಕಾಲ, ಸೀಮೆಎಣ್ಣೆಗೇ ಪರದಾಟ, ಗ್ರೀಸನ್ನು ಕೊಡುವವರು ಯಾರು? ಅಂಗಳದಲ್ಲಿ ನಿಂತ ಗಾಡಿ ಕಣ್ಣಿಗೆ ಬಿತ್ತು. ಅಚ್ಚಿನ ಕೆಳಗೆ ಕೀಲೆಣ್ಣೆಯ ಬಿದಿರು ಗೊಟ್ಟ ತೂಗುತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಈ ಲೇಹ್ಯ ನಮ್ಮ ತಾತನ ಕಾಲದಿಂದ ಗಾಡಿ ಉರುಳಿಸಿದೆ. ತಿರುಗುವುದೆಲ್ಲ ಚಕ್ರವೇ ಎಂಬುದು ವಿಜ್ಞಾನ. ಧಾರಾಳವಾಗಿ ಬಳಿದೆ. ಸೂಜಿಯ ಬದಲು ಜಾಲಿ ಮುಳ್ಳು ಸಿಕ್ಕಿಸಿದೆ. ಎಲ್ಲ ಮುಚ್ಚಿದ ಮೇಲೆ ಗುಂಡುಗಳಿದ್ದ ಒಂದು ಸಣ್ಣ ಭಾಗ ಕೈಯಲ್ಲೇ ಉಳಿಯಿತು.

"ಇದು?" ಎಂದಳು ಅಂಜಿನಮ್ಮ.

"ಅಲಂಕಾರಕ್ಕೆ" ಎಂದು ಜೇಬಿಗೆ ಇಳಿಸಿದೆ.

ಪೆಟ್ಟಿಗೆ ಹಾಡಿತು. ಅಂಜಿನಮ್ಮನೂ ಒಂದು ಕ್ಷಣ ನನ್ನನ್ನು ಗೌರವದಿಂದ ನೋಡಿದಳು. ಆ ನೋಟವನ್ನೇ ಹೊದ್ದುಕೊಂಡು ವಾರವೆಲ್ಲ ಓಡಾಡಿದೆ.

ಹೆಣ್ಣು ನೋಡುವ ದಿನ ಮಾಗಿಯ ಚಳಿ. ಕೊಬ್ಬರಿ ಎಣ್ಣೆ ಗಡ್ಡೆ ಕಟ್ಟಿತ್ತು. ಕೀಲೆಣ್ಣೆಯನ್ನು ನಾನು ನೆನೆಯಲಿಲ್ಲ. ಹುಡುಗನ ತಂದೆ ಅಪ್ಪಯ್ಯಣ್ಣ, ಗಂಗಣ್ಣ ಇಬ್ಬರೂ ಕಂಬಳಿಯ ಮೇಲೆ ಕುಳಿತರು. ಮಾವ ಕೆಮ್ಮಿದರು. "ಹುಡ್ಗಿಗೆ ನಾಚ್ಕೆ ಜಾಸ್ತಿ."

ಒಳಗೆ ಅಂಜಿನಮ್ಮ ಮುಳ್ಳು ಇಟ್ಟಳು. ಕೃಷ್ಣನನ್ನು ಕರೆಯುವ ದನಿ ಹೊರಟಿತು. ಆದರೆ ಅದು ಹೆಣ್ಣಿನದಲ್ಲ. ಬಾವಿಯಲ್ಲಿ ಬಿದ್ದ ಹೋರಿಯೊಂದು ನಿಧಾನವಾಗಿ ತನ್ನ ಕಷ್ಟ ಹೇಳಿಕೊಳ್ಳುತ್ತಿತ್ತು.

ಅಪ್ಪಯ್ಯಣ್ಣ ಕಡಲೆ ಅಗಿಯುವುದನ್ನು ನಿಲ್ಲಿಸಿದರು. "ಹುಡ್ಗಿಗೆ ನೆಗಡಿಯಾ?"

"ಚಳಿ ನೋಡಿ" ಎಂದೆ ನಾನು.

ಬಾಗಿಲ ಸಂದಿಯಿಂದ ಪಿಸುಮಾತು. "ಅಕ್ಕಾ, ಎಣ್ಣೆ ಗಟ್ಯಾಗೈತೆ. ಕೆಂಡ ತತ್ತೀನಿ ತಾಳು." ಅದು ನಾದಿನಿ. ಗಾಡಿಯ ಮನೆಯ ಹುಡುಗಿ, ಅವಳಿಗೆ ಗೊತ್ತಾಗಿತ್ತು. ಕೆಂಡದ ಬಾಣಲೆ ಪೆಟ್ಟಿಗೆಯ ಕೆಳಗೆ ಹೋಗಿರಬೇಕು. ಹೋರಿ ಮೆಲ್ಲಗೆ ಗಂಡಸಾಯಿತು, ಗಂಡಸು ಹೆಂಗಸಾದ. ನಾನು ಉಸಿರು ಬಿಟ್ಟೆ.

ಹೆಂಗಸಿನ ಹತ್ತಿರ ಅದು ನಿಲ್ಲಲಿಲ್ಲ. ನನ್ನ ಜೇಬಿನಲ್ಲಿದ್ದ ಆ ಅಲಂಕಾರ ಇದ್ದದ್ದೇ ಓಟಕ್ಕೆ ಲಗಾಮು ಹಾಕಲು ಎಂಬುದು ಆಗ ಹೊಳೆಯಿತು. ಅಲ್ಲಿಯವರೆಗೆ ಆ ಕೆಲಸ ಮಾಡಿದ್ದು ಕೀಲೆಣ್ಣೆಯ ಜಿಗುಟು, ಅದೀಗ ಕೆಂಡಕ್ಕೆ ಕರಗಿತ್ತು. ಹಾಡು ನಾಗಾಲೋಟ ಕಿತ್ತಿತು. ಪಿಟೀಲು ಸೊಳ್ಳೆಯಾಯಿತು, ಮೃದಂಗ ಹುರಿಯುವ ಜೋಳವಾಯಿತು. ಆ ವೇಗದಲ್ಲಿ ಕರೆದರೆ ಕೃಷ್ಣ ಹೆದರಿ ಮಥುರೆಗೇ ಓಡಬೇಕು. ಆಮೇಲೆ ಢಬ್ ಎಂದು ಸ್ಪ್ರಿಂಗು ಹಾರಿದ ಸದ್ದು, ಹಾಡು ನಿಂತಿತು.

ಬಾಗಿಲು ತೆರೆಯಿತು. ಮುನಿಲಕ್ಷ್ಮಮ್ಮ ಬಂದು ನಿಂತಳು. ಹೊಸ ಸೀರೆಯ ಮೇಲೆ, ಕೆನ್ನೆಯ ಮೇಲೆ, ಮೂಗುತಿಯ ಮೇಲೆ ಕರಿ. ಕಣ್ಣುಗಳು ಮಾತ್ರ ಬೆಳ್ಳಗಿದ್ದವು. ಮಾವನವರ ಕೆಮ್ಮು ಈ ಸಲ ನಿಜವಾಗಿಯೇ ಬಂತು.

"ನಂಗೆ ಹಾಡೋಕ್ ಬರಾಕಿಲ್ಲ" ಎಂದಳು. "ಅದು ಪೆಟ್ಗೆ. ಭಾವ ಅದಕ್ಕೆ ಕೀಲೆಣ್ಣೆ ಹಾಕವ್ರೆ. ಬ್ಯಾಡ ಅನ್ನೋದಾದ್ರೆ ಈಗ್ಲೇ ಅಂದ್ಬಿಡಿ, ಮುಖ ತೊಳ್ಕೋಬೇಕು."

ಗಂಗಣ್ಣ ಮುಖ ತಗ್ಗಿಸಿದ. ಅವನ ಭುಜ ಅಲುಗುತ್ತಿತ್ತು. ತಲೆ ಎತ್ತಿದಾಗ ಕಣ್ಣಲ್ಲಿ ನೀರು, ಬಾಯ್ತುಂಬ ನಗು.

"ಅಪ್ಪಾ, ಇವಳೇ ಸರಿ" ಎಂದ.

ಅಪ್ಪಯ್ಯಣ್ಣನಿಗೂ ನಗು ತಡೆಯಲಾಗಲಿಲ್ಲ. "ಪಿಟೀಲು ಕೇಳಿದ್ ತಕ್ಷಣ ನಂಗೆ ಅನುಮಾನ ಬಂತು. ಮನೆ ಮುಂದೆ ಇರೋದು ನಾಲ್ಕೇ ಜೊತೆ ಚಪ್ಲಿ, ಪಿಟೀಲಿನೋರು ಎಲ್ಲಿಂದ ಬಂದಾರು? ಅಷ್ಟೂ ಹೊಳೀದೇ ಇರೋ ದಡ್ಡ ಯಾವನಿದ್ದಾನು?"

ಅಂಜಿನಮ್ಮ ಬಾಗಿಲ ಮರೆಯಿಂದ ಮುಖ ಹಾಕಿ ನನ್ನನ್ನೇ ನೋಡಿದಳು. ಮಾವ ಸೂರು ನೋಡಿದರು. ನಾನು ಹುರಿಗಡಲೆ ಎಣಿಸತೊಡಗಿದೆ.

"ಮೇಷ್ಟ್ರೇ, ನೀವು ಓದಿದ್ದು ಏನು?" ಎಂದರು ಅಪ್ಪಯ್ಯಣ್ಣ.

"ಭೌತಶಾಸ್ತ್ರ."

"ಅಂದ್ರೆ ಗಾಡಿ ಶಾಸ್ತ್ರಾನಾ?"

ಮುನಿಲಕ್ಷ್ಮಮ್ಮ ಈಗ ಶಿವಗಂಗೆಯ ಹತ್ತಿರ ಗಂಗಣ್ಣನ ಮನೆ ನಡೆಸುತ್ತಾಳೆ. ಎಮ್ಮೆ ಕರೆಯುವಾಗ ಹಾಡುವುದಿಲ್ಲ. ನಾನು ಈಗಲೂ ವಿಜ್ಞಾನ ಪಾಠ ಮಾಡುತ್ತೇನೆ. ಹಬ್ಬಕ್ಕೆ ಅವರ ಮನೆಗೆ ಹೋದಾಗ ಅಪ್ಪಯ್ಯಣ್ಣನವರ ಗಾಡಿಗೆ ಕೀಲೆಣ್ಣೆ ಹಾಕುತ್ತೇನೆ.