ಒಂದು ವರ್ಷದ ಅವಧಿಗೆ ಕೊಲೆಗಾರ

ಅಮೆರಿಕದ ವೆರ್ಮಾಂಟ್ ಸೀಮೆಯ ನಮ್ಮ ಕೆಲ್ಬಿ ಊರಿನಲ್ಲಿ ಮೇಪಲ್ ಎಲೆ ಕೆಂಪಾದ ಮೇಲೆ ಪ್ರತಿಯೊಬ್ಬ ನಾಗರಿಕನೂ ಒಂದು ಪತ್ತೇದಾರಿ ಕಿರುಕಾದಂಬರಿ ಓದತಕ್ಕದ್ದು. ಅದರಲ್ಲಿ ಒಂದು ಬೆಕ್ಕು, ಒಂದು ಹೆಣ, ಕಡೆಯ ಪುಟದಲ್ಲಿ ಒಂದು ಅಡುಗೆ ವಿಧಾನ ಇರತಕ್ಕದ್ದು. ಹೆಣದಿಂದ ಯಾರ ಹಸಿವೂ ಕೆಡತಕ್ಕದ್ದಲ್ಲ.

ಈ ಸಲ ಗ್ರಂಥಾಲಯ ಆರಿಸಿದ ಪುಸ್ತಕದಲ್ಲಿ ಕೊಲೆ ಮಾಡಿದವಳು ಕುಂಬಳಕಾಯಿ ಹೂರಣದ ಪೈ ಮಾಡುವ ವಿಧವೆ. ಎಡವಟ್ಟಾದದ್ದು ಅಲ್ಲೇ. ನಮ್ಮೂರಿನಲ್ಲೂ ಕುಂಬಳಕಾಯಿ ಪೈ ಮಾಡುವ ವಿಧವೆ ಒಬ್ಬಳಿದ್ದಾಳೆ, ಆರ್ಡಿತ್. ಶರತ್ಕಾಲವಿಡೀ ಚರ್ಚಿನ ಊಟಗಳಲ್ಲಿ ಪೈ ಮಾರಿದರೆ ಮಾತ್ರ ಚಳಿಗಾಲಕ್ಕೆ ಅವಳ ಒಲೆಗೆ ಸೌದೆ. ಕಳೆದ ಭಾನುವಾರ ಅವಳ ಪೈಯನ್ನು ಬಡಗಿ ಎಲ್ಬ್ರಿಜ್ ಒಬ್ಬನೇ ತಿಂದ. ಅವನು ಪುಸ್ತಕ ಓದುವವನಲ್ಲ. ಪಾದ್ರಿಗಳು "ಹೊಟ್ಟೆ ಸರಿಯಿಲ್ಲಮ್ಮ" ಎಂದು ಮೂರನೇ ಸಲ ಹುರುಳಿಕಾಯಿ ಬಡಿಸಿಕೊಂಡರು.

ಆರ್ಡಿತ್ ಊರಸಭೆ ಕರೆಸಿದಳು. ಅಧ್ಯಕ್ಷ ಲೊವೆಲ್ ಸುತ್ತಿಗೆ ಕುಟ್ಟಿದ.

"ಏನಮ್ಮಾ ನಿನ್ನ ತಕರಾರು?"

"ಆ ಕೊಲೆ ನಾನು ಮಾಡಿಲ್ಲ ಅಂತ ಠರಾವು ಮಾಡಿ."

"ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ತೀಯ?"

"ಯಾರೂ ಪೈ ಮುಟ್ತಿಲ್ವಲ್ಲ! ಕೊಲೆ ಆಗಿರೋದು ಪುಸ್ತಕದಲ್ಲಿ ಕಣಯ್ಯಾ!"

"ನಾನೂ ಪುಸ್ತಕದಲ್ಲೇ ಓದಿದ್ದು. ಹೆಣ ಅಂತೂ ಬಿದ್ದಿದೆ. ಯಾರಾದ್ರೂ ಮಾಡಿರಲೇಬೇಕಲ್ಲ?"

ಗ್ರಂಥಪಾಲಕಿ ಥರ್ಜಾ ಎದ್ದು ನಿಯಮ ವಿವರಿಸಿದಳು. ಕೊಲೆಗಾರರನ್ನು ಬದಲಾಯಿಸಲು ಗ್ರಂಥಾಲಯದ ಅಭ್ಯಂತರವಿಲ್ಲ. ಆದರೆ ಹುದ್ದೆ ಖಾಲಿ ಬಿಡುವಂತಿಲ್ಲ. ಬಿಟ್ಟರೆ ಪುಸ್ತಕವನ್ನು ಅಡುಗೆ ಪುಸ್ತಕಗಳ ಕಪಾಟಿಗೆ ವರ್ಗಾಯಿಸಬೇಕಾಗುತ್ತದೆ.

ಹುದ್ದೆ ಎಂದ ಮೇಲೆ ದಾರಿ ಸಲೀಸಾಯಿತು. ಯಾರಿಗೂ ಬೇಡದ ಹುದ್ದೆಯನ್ನು ಸಭೆಗೆ ಬಾರದವರ ಕೊರಳಿಗೆ ಕಟ್ಟುವುದು ನಮ್ಮಲ್ಲಿ ತಾತಂದಿರ ಕಾಲದ ಪದ್ಧತಿ. ಬೇಲಿ ತಪಾಸಣೆಯವರು, ನಾಯಿ ಹಿಡಿಯುವವರು ಎಲ್ಲ ಹಾಗೇ ಆರಿಸಿ ಬಂದವರು. ಸುತ್ತ ನೋಡಿದೆವು. ಎಲ್ಬ್ರಿಜ್ ಕಾಣಲಿಲ್ಲ.

"ನನಗೆ ಕುಂಬಳಕಾಯಿ ತರೋಕೆ ಹೋಗಿದ್ದಾನೆ, ಪಾಪ" ಅಂದಳು ಆರ್ಡಿತ್.

"ಅಂದ್ರೆ ಗೈರುಹಾಜರಿ. ಒಪ್ಪೋರು ಹೂಂ ಅನ್ನಿ" ಅಂದ ಲೊವೆಲ್.

ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಅನ್ನುತ್ತಾರೆ. ನಾವೆಲ್ಲ ಹೂಂ ಅಂದೆವು. ಆರ್ಡಿತ್ ಸ್ವಲ್ಪ ತಡವಾಗಿ ಅಂದಳು, ಆದರೆ ಅಂದಳು.

ಪುಸ್ತಕಕ್ಕೆ ಪ್ರಕಟಣೆ ಅಂಟಿಸಲಾಯಿತು: "ಕೊನೆಯ ಅಧ್ಯಾಯದಲ್ಲಿ ವಿಧವೆ ಎಂದು ಬಂದಲ್ಲೆಲ್ಲ ಎಲ್ಬ್ರಿಜ್ ಎಂದು ಓದಿಕೊಳ್ಳತಕ್ಕದ್ದು. ಅವಧಿ ಒಂದು ವರ್ಷ. ಸಂಬಳವಿಲ್ಲ."

ಮುಂದಿನ ಭಾನುವಾರ ಪೈಗೆ ಜನ ಮುಗಿಬಿದ್ದರು. ಪಾದ್ರಿಗಳ ಹೊಟ್ಟೆಯೂ ಸರಿಹೋಗಿತ್ತು. ಎಲ್ಬ್ರಿಜ್ ತಟ್ಟೆ ಹಿಡಿದು ಬಂದಾಗ ಸಾಲು ಮರ್ಯಾದೆಯಿಂದ ದೂರ ಸರಿಯಿತು.

"ಹೊಸ ಕೆಲಸ ಹೇಗಿದೆಯೋ?" ಲೊವೆಲ್ ದೂರದಿಂದಲೇ ಕೇಳಿದ.

"ಪರವಾಗಿಲ್ಲ. ಬೇಲಿ ತಪಾಸಣೆಯಷ್ಟು ಓಡಾಟ ಇಲ್ಲ." ಅವನು ಆರ್ಡಿತ್ ಕಡೆ ತಿರುಗಿ ತಟ್ಟೆ ಚಾಚಿದ. "ಒಂದು ಹೋಳು ಹಾಕು."

ಆರ್ಡಿತ್ ಉಳಿದಿದ್ದ ಹೋಳಿನ ಮೇಲೆ ಬಟ್ಟೆ ಮುಚ್ಚಿದಳು. ಅವನ ಮುಖ ನೋಡಲಿಲ್ಲ.

"ಬೇಜಾರು ಮಾಡ್ಕೋಬೇಡ ಕಣೋ. ಕೊಲೆಗಾರ ತಿನ್ನೋ ಪೈ ಅಂತ ಹೆಸರು ಬಂದ್ರೆ ಮುಂದಿನ ವಾರ ಯಾರು ಕೊಳ್ತಾರೆ?"



"ಅದೂ ಸರಿ" ಎಂದ ಎಲ್ಬ್ರಿಜ್. ಖಾಲಿ ತಟ್ಟೆಯನ್ನು ಇದ್ದಲ್ಲೇ ಇಟ್ಟು, ಮುಂದಿನ ವಾರದ ಪೈಗೆಂದು ತಂದಿದ್ದ ಕುಂಬಳಕಾಯಿಗಳನ್ನು ಅವಳ ಮನೆಗೆ ಇಳಿಸಲು ಹೋದ.