ಬಿಸಿಗೆ ಬಗ್ಗದ ಡಬ್ಬಿಗಳ ಒಡೆಯರಿಗೆ ಮದುಮಗಳ ತಾಯಿಯ ಬಿನ್ನಹ

ಡೆಲ್ಟಾ ಮುತ್ತು ಪ್ಲಾಸ್ಟಿಕ್ ಕಂಪನಿಯ ಮಾನ್ಯ ನಿರ್ದೇಶಕರೇ,

ತಾಂತಾ ಪಟ್ಟಣದ ಗೃಹಿಣಿ ಇನ್ಶಿರಾಹ್ ಎಂಬ ನಾನು ತಮಗೂ, ತಮ್ಮ ಕಾರ್ಖಾನೆಯ ಹೊಗೆ ಕೊಳವೆಗೂ, ಡಬ್ಬಿಗಳ ಮೇಲೆ 'ಬಿಸಿಗೆ ಬಗ್ಗದು' ಎಂದು ಚೀಟಿ ಅಂಟಿಸುವ ಆ ಧೈರ್ಯವಂತರಿಗೂ ವಂದನೆಗಳನ್ನು ಅರ್ಪಿಸಿ ಬರೆಯುವುದೇನೆಂದರೆ, ನಾನು ತಮ್ಮ ಹಳೆಯ ಅಭಿಮಾನಿ. ನನ್ನ ಮಗಳು ಇಬ್ತಿಹಾಲ್ ಇನ್ನೂ ಅಕ್ಷರ ಕೂಡಿಸಿ ಓದುತ್ತಿದ್ದಾಗಿನಿಂದಲೇ ಅವಳ ಮದುವೆಗೆಂದು ತಮ್ಮ ಡಬ್ಬಿಗಳನ್ನು ಕೊಂಡು ಮಂಚದ ಕೆಳಗೆ ಪೇರಿಸುತ್ತಾ ಬಂದವಳು. ಹುಡುಗಿಯ ಜೊತೆಗೆ ಡಬ್ಬಿಗಳೂ ಬೆಳೆದು, ಮಂಚದ ಮೇಲೂ ಏರಿ, ಕೊನೆಗೆ ಅವಳು ಸೋಫಾದ ಮೇಲೆ ಮಲಗಬೇಕಾಯಿತು. ಈ ಭಾಗ್ಯಕ್ಕಾಗಿ ನಾವು ತಮಗೆ ಋಣಿಗಳು.

ಮದುವೆಗೆ ಮುಂಚೆ ವರನ ತಾಯಿ ಸಫಿನಾಜ್ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು. ಅವರು ಹೊರಡುವಾಗ ನಾನು ಪ್ರೀತಿಯಿಂದ, ತುಪ್ಪದಲ್ಲಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಆಗಷ್ಟೇ ಒಲೆಯಿಂದಿಳಿಸಿದ ಮುಲೂಖಿಯಾ ಸೊಪ್ಪಿನ ಸಾರನ್ನು ತಮ್ಮ ಡಬ್ಬಿಗೆ ಸುರಿದು ಅವರ ಕೈಗಿತ್ತೆ. ತಮ್ಮ ಡಬ್ಬಿ ಬಹು ವಿನಯಶಾಲಿ. ದಾರಿಯುದ್ದಕ್ಕೂ ತಲೆಬಾಗಿ, ಸೊಂಟಬಾಗಿ, ಕಡೆಗೆ ಅವರ ತೊಡೆಯ ಮೇಲೆ ಸಾಷ್ಟಾಂಗವೆರಗಿತು. ಮನೆ ಸೇರಿದವರೇ ಫೋನು ಮಾಡಿದರು. "ಬೀಗಿತ್ತಿ, ಉಳಿದಷ್ಟನ್ನ ತಿಂದು ನೋಡಿದೆ. ಸಾರಿಗೆ ಸೊಪ್ಪು ಹಾಕಿದ್ರೋ, ಬಕೆಟ್ಟು ಹಾಕಿದ್ರೋ?"

ತಮ್ಮ ಕಚೇರಿಗೆ ದೂರಿತ್ತಾಗ ಅಲ್ಲಿನ ಯುವಕರು ಬಹಳ ಮರ್ಯಾದೆಯಿಂದ, "ಅಮ್ಮಾ, ಬಿಸಿ ಅಂದ್ರೆ ಉಗುರುಬೆಚ್ಚಗೆ ಅಂತ ನಮ್ಮ ಲೆಕ್ಕ" ಎಂದರು. ಆದಕಾರಣ ಇನ್ನು ಮುಂದೆ ನೀರು ಉಗುರುಬೆಚ್ಚಗಾದಾಗಲೇ ಕುದಿಯಬೇಕೆಂದು ತಾವು ದೇಶದ ಒಲೆಗಳಿಗೆಲ್ಲ ಒಂದು ಆಜ್ಞೆ ಹೊರಡಿಸಬೇಕಾಗಿ ಕೋರುತ್ತೇನೆ.

ಔಷಧದಂಗಡಿಯಲ್ಲಿ ಕೆಲಸ ಮಾಡುವ ಮಗಳು ಅಂದೇ ಮಂಚದ ಮೇಲೆ ಕೆಳಗೆ ತುಂಬಿದ್ದ ಡಬ್ಬಿ, ಬಾಣಲೆಗಳನ್ನೆಲ್ಲ ಹೊರಗೆಳೆದಳು. "ಅಮ್ಮಾ, ಬಿಸಿ, ಜಿಡ್ಡು ತಾಗಿದ್ರೆ ಪ್ಲಾಸ್ಟಿಕ್ಕಲ್ಲಿರೋದು ಊಟಕ್ಕೆ ಇಳಿಯುತ್ತೆ. ಗೀರು ಬಿದ್ರೆ ಲೇಪ ಏಳೋ ಆ ನಾನ್‌ಸ್ಟಿಕ್ ಬಾಣಲೆಗಳೂ ಬೇಡ. ಸ್ಟೀಲು, ಗಾಜು, ನಾಲ್ಕು ಮಣ್ಣಿನ ಮಡಕೆ ಕೊಡಿಸು, ಸಾಕು."

"ಗಂಡನ ಮನೆಗೆ ಮೆರವಣಿಗೇಲಿ ಹೋಗೋ ಸಾಮಾನಿನ ಗಾಡಿ ಅರ್ಧ ಖಾಲಿ ಇದ್ರೆ ಬೀದಿಯವರು ಏನಂತಾರೆ?" ಎಂದೆ.

"ಬೀದಿಯವರು ನಮ್ಮನೇಲಿ ಉಣ್ಣಲ್ಲಮ್ಮ."

ವಿಷಯ ತಿಳಿದ ಸಫಿನಾಜ್ ಮಗನನ್ನು ಕರೆದುಕೊಂಡು ಧಾವಿಸಿ ಬಂದರು. ಬಕೆಟ್ಟಿನ ರುಚಿ ಕಂಡವರು ನನ್ನ ಮಗಳ ಪರ ನಿಲ್ಲುತ್ತಾರೆಂದು ನಾನು ತಿಳಿದಿದ್ದೆ. "ತಿನ್ನೋದು ಬೇರೆ, ತೋರ್ಸೋದು ಬೇರೆ" ಎಂದರು ಅವರು. "ಬಣ್ಣಬಣ್ಣದ ಡಬ್ಬಿ ಇಲ್ದೆ ಗಾಡಿ ಬಂದ್ರೆ ನಮ್ಮ ನೆಂಟರ ಮುಂದೆ ನಾನು ಮುಖ ಎಲ್ಲಿಡ್ಲಿ? ಹಾಗಾದ್ರೆ ಮದುವೆ ಮುಂದಕ್ಕೆ ಹಾಕೋಣ." ವರ ಮೂಮಿನ್ ತನ್ನ ಚಪ್ಪಲಿಯನ್ನು ಗಮನವಿಟ್ಟು ನೋಡುತ್ತಿದ್ದ.

ಇಬ್ತಿಹಾಲ್ ಬೆರಳಿನಿಂದ ನಿಶ್ಚಿತಾರ್ಥದ ಉಂಗುರ ತೆಗೆದು ಮೇಜಿನ ಮೇಲಿಟ್ಟಳು. "ಹಾಗಿದ್ರೆ ಡಬ್ಬಿಗಳನ್ನೇ ಸೊಸೆ ಮಾಡ್ಕೊಳ್ಳಿ, ಅತ್ತೆ."

ಮಾನ್ಯರೇ, ಆ ಗಳಿಗೆಯಲ್ಲಿ ನನ್ನ ಎದೆ ತಮ್ಮ ಡಬ್ಬಿಯಂತೆಯೇ ಕುಸಿಯಿತು. ಸಫಿನಾಜ್ ಉಂಗುರದ ಮುಂದೆ ಕುರ್ಚಿ ಎಳೆದು ಕುಳಿತರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ನಾನು ಮದುವೆಯಾಗಿ ಬಂದಾಗ ನಮ್ಮಮ್ಮ ಕಲಾಯಿ ಹಾಕ್ಸಿದ ತಾಮ್ರದ ಪಾತ್ರೆ ಕೊಟ್ಟಿದ್ಲು. ನಮ್ಮತ್ತೆ ಅದು ಹಳ್ಳಿ ಸಾಮಾನು ಅಂತ ಗುಜರಿಗೆ ಹಾಕಿ ಪ್ಲಾಸ್ಟಿಕ್ ತರಿಸಿದ್ರು. ನಾನು ಬಚ್ಚಲಿಗೆ ಹೋಗಿ ಅತ್ತಿದ್ದಷ್ಟೆ. ಇವಳಾಡಿದಂಥ ಮಾತು ನನ್ನ ಬಾಯಿಗೆ ಬರ್ಲಿಲ್ಲ." ಉಂಗುರ ತೆಗೆದು ಮಗನ ಕೈಗೆ ತುರುಕಿದರು. "ಏನೋ ನೋಡ್ತಿದೀಯಾ, ತೊಡಿಸೋ ಕತ್ತೆ!"

ಗಾಡಿ ಹೊರಟಿತು. ಒಂದಷ್ಟು ಸ್ಟೀಲು ಪಾತ್ರೆ, ಗಾಜಿನ ಭರಣಿ, ಹುಲ್ಲಿನಲ್ಲಿ ಸುತ್ತಿದ ಮಡಕೆಗಳು. "ಹುಡುಗಿಯ ಅಪ್ಪ ದಿವಾಳಿಯೆದ್ದ" ಎಂದು ಎದುರು ಬಾಲ್ಕನಿಯವರು ಕೂಗಿದರು. ಗಾಡಿಯ ಹಿಂದಿನಿಂದ ಸಫಿನಾಜ್ ಆ ಕೂಗಿಗಿಂತ ಗಟ್ಟಿಯಾಗಿ ದಮ್ಮಡಿ ಬಾರಿಸಿದರು. ನಾನೂ ಕೈಜೋಡಿಸಿದೆ.

ಈಗ ನನ್ನ ಮನೆಯಲ್ಲುಳಿದಿರುವ ಡಬ್ಬಿಗಳನ್ನು ತಾವು ಮೇಳತಾಳದೊಡನೆ ಬಂದು ತವರಿಗೆ ಕರೆದೊಯ್ಯಬೇಕಾಗಿ ಪ್ರಾರ್ಥನೆ.

ಸೋಫಾದಿಂದ ಮಂಚಕ್ಕೆ ಬಡ್ತಿ ಪಡೆದ ಮನೆತನದ ಪರವಾಗಿ,
ತಮ್ಮ ವಿಶ್ವಾಸಿ,
ಇನ್ಶಿರಾಹ್

ತಾ.ಕ.: ಪತ್ರಿಕೆಯಲ್ಲಿ ತಮ್ಮ ಭಾವಚಿತ್ರ ನೋಡಿ ಸಂತೋಷವಾಯಿತು. ಹಿಂದೆ ತಮ್ಮ ಡಬ್ಬಿಗಳ ಗೋಪುರ, ಮುಂದೆ ಮೇಜಿನ ಮೇಲೆ ಹಬೆಯಾಡುವ ಚಹಾ. ಚಹಾ ಮಾತ್ರ ಗಾಜಿನ ಲೋಟದಲ್ಲಿತ್ತು. ದೇವರು ತಮ್ಮ ಆರೋಗ್ಯ ಚೆನ್ನಾಗಿಟ್ಟಿರಲಿ.