ಎದೆ ಮೂವತ್ತಾರು, ಸೊಂಟ ಮೂವತ್ತೆಂಟು

ದರ್ಜಿಗೆ ಅಂದು ಬೆಳಿಗ್ಗೆಯೇ ಪಿತ್ತ ನೆತ್ತಿಗೇರಿತು. ಕಾರಣ ಒಂದು ಅಂಚೆ ಕಾರ್ಡು.

ಮುಖವನ್ನೇ ನೋಡದ ಎದುರಾಳಿಯೊಬ್ಬನ ಜೊತೆ ಅವನು ಮೂರು ವರ್ಷದಿಂದ ಅಂಚೆಯಲ್ಲಿ ಚದುರಂಗ ಆಡುತ್ತಿದ್ದ. ಪಂದ್ಯಾವಳಿಯ ಕೊನೆಯ ಆಟ. ನಡೆಯನ್ನು ಅಂಕಿಯಲ್ಲೇ ಬರೆಯಬೇಕು: ಮೂರನೆಯ ಸಾಲಿನ ಆರನೆಯ ಮನೆಯಿಂದ ಎಂಟನೆಯ ಮನೆಗೆ ಆನೆ ಹೋದರೆ 36–38. ಅಲ್ಲಿಗೆ ಎದುರಾಳಿಯ ರಾಜನ ಕತೆ ಮುಗಿಯಿತು. ನಡೆ ಕಳಿಸಲು ಅಂದೇ ಕೊನೆಯ ದಿನ; ಕಾರ್ಡಿನ ಮೇಲೆ ಇವತ್ತಿನ ಮುದ್ರೆ ಬೀಳದಿದ್ದರೆ ದರ್ಜಿಯ ಕತೆಯೇ ಮುಗಿಯಿತು.

ಕಾರ್ಡನ್ನು ಮೇಜಿನ ಮೇಲಿಟ್ಟು ಮುಖ ತೊಳೆದು ಬರುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು ಅದನ್ನು ಅಂಚೆ ಡಬ್ಬಿಗೆ ಹಾಕಿ ಬಂದಿದ್ದರು. ಇಂಥ ಉಪಕಾರಿಗಳನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಉಪಕಾರ ಅಷ್ಟಕ್ಕೇ ನಿಂತಿರಲಿಲ್ಲ.

“ಎದೆ ಮೂವತ್ತಾರು, ಸೊಂಟ ಮೂವತ್ತೆಂಟು ಅಂತ ನೀನು ಬರ್ದಿದ್ದೆ. ಅಂಥ ಮನುಷ್ಯ ಎಲ್ಲಾದ್ರೂ ಇರ್ತಾನೇನಪ್ಪ? ಮೂವತ್ತೆರಡು ಅಂತ ತಿದ್ದಿದೀನಿ,” ಎಂದರು.

36–32 ಎಂದರೆ ಆನೆ ನೇರವಾಗಿ ಕಾಲಾಳಿನ ಬಾಯಿಗೆ. ಕಳಿಸಿದ ನಡೆಯನ್ನು ಹಿಂದಕ್ಕೆ ಪಡೆಯುವಂತೆಯೂ ಇಲ್ಲ. ದರ್ಜಿ ಮೇಷ್ಟ್ರಿಗೆ ಬಾಯಿಗೆ ಬಂದಂತೆ ಬೈದು, ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಅಂಚೆ ಕಚೇರಿಗೆ ಓಡಿದ.

ಡಬ್ಬಿಗೆ ಬಿದ್ದ ಮೇಲೆ ಅದು ವಿಳಾಸದಾರನ ಸ್ವತ್ತು ಎಂದು ಪೋಸ್ಟ್‌ಮಾಸ್ಟರು ಕಡ್ಡಿ ಮುರಿದಂತೆ ಹೇಳಿದರು. ಅರ್ಧ ಗಂಟೆ ಜಗಳವಾಯಿತು. ಕೊನೆಗೆ ಅವರ ಕಣ್ಣು ಟೇಪಿನ ಮೇಲೆ ಬಿತ್ತು. ಅಂದೇ ಅವರ ನಿವೃತ್ತಿ.

“ಐದು ಗಂಟೆಗೆ ಬೀಳ್ಕೊಡುಗೆ ಫೋಟೊ. ಹಳೇ ವಾಸ್ಕೋಟು ಮುಚ್ಕೊಳಲ್ಲ. ಹೊಸದು ಹೊಲ್ಕೊಡಿ. ಗುಂಡಿ ಕಾಜಕ್ಕೆ ಬಿದ್ರೆ ಕಾರ್ಡಿಗೆ ಮುದ್ರೆನೂ ಬೀಳುತ್ತೆ.”

ಕಾರ್ಡು ಹೊರಬಂತು. ದರ್ಜಿ ಅಂಕಿ ಸರಿಮಾಡಿದ. ಪೋಸ್ಟ್‌ಮಾಸ್ಟರು ಅದನ್ನು ತಮ್ಮ ಮೇಜಿನ ಮೇಲೆಯೇ ಇಟ್ಟುಕೊಂಡರು. ಆಮೇಲೆ ದರ್ಜಿ ಅಳತೆ ತೆಗೆದ. ಎದೆ ಮೂವತ್ತಾರು, ಸೊಂಟ ಮೂವತ್ತೆಂಟು. ಎಲ್ಲೂ ಇಲ್ಲದ ಮನುಷ್ಯ ಎದುರಿಗೇ ನಿಂತಿದ್ದ! ಮೇಷ್ಟ್ರ ಮೇಲಿನ ಸಿಟ್ಟು ಇಮ್ಮಡಿಯಾಯಿತು.

ಅಳತೆಯ ಚೀಟಿಯನ್ನು ಅಂಗಡಿಯಲ್ಲಿ ಹೆಂಡತಿಯ ಮೇಜಿನ ಮೇಲಿಟ್ಟು, ಬಟ್ಟೆ ಕತ್ತರಿಸಲು ಹೇಳಿ, ಅವನು ಅಸ್ತರು ಗುಂಡಿ ತರಲು ಹೋದ. ಬಂದವನೇ ಮೆಷೀನಿಗೆ ಕುಳಿತು, ಒಂದೊಂದು ಹೊಲಿಗೆಗೂ ಮೇಷ್ಟ್ರನ್ನು ಶಪಿಸುತ್ತ ಹೊಲಿದ. ಆ ರೋಷದಲ್ಲಿ ತುಂಡುಗಳನ್ನು ಅಳೆದು ನೋಡುವ ವ್ಯವಧಾನ ಎಲ್ಲಿಂದ ಬರಬೇಕು?

ಐದಕ್ಕೆ ಸಿಬ್ಬಂದಿಯೆಲ್ಲ ಸಾಲಾಗಿ ನಿಂತಿದ್ದರು. ಪೋಸ್ಟ್‌ಮಾಸ್ಟರು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದರು. ಗುಂಡಿಗೂ ಕಾಜಕ್ಕೂ ಆರು ಇಂಚು ದೂರ.

ಫೋಟೊ ನೋಡಲು ಬಂದಿದ್ದ ಮೇಷ್ಟ್ರು ಬಾಗಿಲಲ್ಲಿ ನಿಂತು ದರ್ಜಿಗೆ ಮೆಲ್ಲಗೆ ಹೇಳಿದರು: “ಬೆಳಿಗ್ಗೆ ಅಷ್ಟು ಹೇಳಿದ್ರೂ ಚೀಟೀಲಿ ಮತ್ತೆ ಅದೇ ತಪ್ಪು ಬರ್ದಿದ್ದೆ. ಕತ್ತರಿ ಹಾಕೋ ಮುಂಚೆ ನಾನೇ ತಿದ್ದಿಟ್ಟೆ.”

ಪೋಸ್ಟ್‌ಮಾಸ್ಟರು ಮುದ್ರೆಯ ತಾರೀಖನ್ನು ನಾಳೆಗೆ ತಿರುಗಿಸಿ, ಕಾರ್ಡಿನ ಮೇಲೆ ಅಚ್ಚುಕಟ್ಟಾಗಿ ಒತ್ತಿದರು.